ಮುನಿಸು ಯಾರ ಮೇಲೆ?

ಕನ್ನಡದಲ್ಲಿ ಕೋಪಕ್ಕೆ ಹೆಸರುಗಳಿಗೇನೂ ಬರವಿಲ್ಲ. ಸಿಟ್ಟು, ರೋಷ, ಕ್ರೋಧ, ಸಿಡುಕು, ಸೆಡವು ಎಂದು ಪಟ್ಟಿ ಬೆಳೆಯುತ್ತದೆ. ಆ ಪಟ್ಟಿಯೊಳಗೆ ಕೂತಿದ್ದರೂ ಮುನಿಸು ಬೇರೆ ಜಾತಿಯ ಮಾತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ‘ಅವ್ನು ಮುನಿಸ್ಕೊಂಡವ್ನೆ’ ಎಂದು ಯಾರಾದರೂ ಹೇಳಿದರೆ, ಕೇಳಿದವರು ಮೊದಲು ತಿಳಿಯಬಯಸುವುದು ‘ಯಾರ್ ಮ್ಯಾಲೆ?’ ಎಂಬುದನ್ನು. ಕಾರಣ ಆಮೇಲೆ. ಯಾರ ಮೇಲೂ ಅಲ್ಲದ ಮುನಿಸು ಈ ಸೀಮೆಯ ಮಾತಿನಲ್ಲಿ ಇಲ್ಲ. ಕೋಪ ಗೊತ್ತಿಲ್ಲದವರ ಮೇಲೂ ಬರಬಹುದು, ಬಸ್ಸು ತಡವಾದರೂ ಬರಬಹುದು, ಕರೆಂಟು ಹೋದರೂ ಬರಬಹುದು. ಮುನಿಸಿಗೆ ಮಾತ್ರ ಎದುರಿಗೊಬ್ಬರು ಬೇಕು, ಅವರು ನಮ್ಮವರೇ ಆಗಿರಬೇಕು.

ಈ ಮಾತಿನ ಅರ್ಥವೇನು, ದಿನದ ಬದುಕಿನಲ್ಲಿ ಅದು ಏನು ಕೆಲಸ ಮಾಡುತ್ತದೆ, ಎಲ್ಲಿ ಅದನ್ನು ಬಳಸಬಾರದು, ಈಗ ಅದರ ಜಾಗಕ್ಕೆ ಬರುತ್ತಿರುವ ಮಾತುಗಳು ಅದೇ ಕೆಲಸವನ್ನು ಮಾಡಬಲ್ಲವೇ ಎಂಬ ಪ್ರಶ್ನೆಗಳನ್ನು ಒಟ್ಟಿಗೆ ನೋಡುವುದು ಅಗತ್ಯ. ಬಿಡಿಬಿಡಿಯಾಗಿ ನೋಡಿದರೆ ಇದೊಂದು ಸಣ್ಣ ಪದ. ಕೂಡಿಸಿ ನೋಡಿದರೆ ನಾವು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರ ಲೆಕ್ಕ ಅದರಲ್ಲಿದೆ.

ಬರುವ ಕೋಪ, ಮಾಡಿಕೊಳ್ಳುವ ಮುನಿಸು

‘ಮುನಿ’ ಎಂಬ ಕ್ರಿಯಾಪದ ಅಚ್ಚ ದ್ರಾವಿಡದ್ದು. ತಮಿಳಿನಲ್ಲೂ ‘ಮುನಿ’ ಎಂದರೆ ಸಿಟ್ಟಾಗು, ಹಗೆಗೊಳ್ಳು ಎಂದರ್ಥ. ತಪಸ್ಸು ಮಾಡುವ ಮುನಿ ಸಂಸ್ಕೃತದವನು, ಅವನಿಗೂ ಈ ಮುನಿಸಿಗೂ ನಂಟಿಲ್ಲ. ಇಬ್ಬರೂ ಬಾಯಿ ಮುಚ್ಚಿ ಕೂರುತ್ತಾರೆ ಎಂಬ ಹೋಲಿಕೆ ಕಂಡರೂ ಬೇರುಗಳು ಬೇರೆ. ಹಳಗನ್ನಡದಲ್ಲಿ ಇದರ ಪಕ್ಕದಲ್ಲೇ ‘ಮುಳಿ’, ‘ಮುಳಿಸು’ ಎಂಬ ಜೋಡಿಯೂ ಇತ್ತು. ಹತ್ತನೆಯ ಶತಮಾನದ ಪಂಪನ ಕಾವ್ಯದಲ್ಲಿ ಮುಳಿಸು ರಣರಂಗದ ಕೋಪಕ್ಕೂ ಸಲ್ಲುವ ಮಾತು. ಆ ಮುಳಿಸು ಕಾವ್ಯದಲ್ಲೇ ಉಳಿಯಿತು. ಮುನಿಸು ಮನೆಯೊಳಗೆ ಬಂತು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕಿಟೆಲ್ ನಿಘಂಟು ಮುನಿಸನ್ನು ಕೋಪದ ಸಾಲಿನಲ್ಲೇ ಇಟ್ಟಿದೆ. ನಿಘಂಟಿಗೆ ಅದು ಸಾಕು, ಆದರೆ ಆಡುವವರಿಗೆ ಸಾಲದು. ವ್ಯತ್ಯಾಸ ಗೊತ್ತಾಗುವುದು ವಾಕ್ಯದಲ್ಲಿ. ‘ನನಗೆ ಕೋಪ ಬಂತು’ ಎನ್ನುತ್ತೇವೆ. ಅಲ್ಲಿ ಕೋಪ ಎಲ್ಲಿಂದಲೋ ಬರುತ್ತದೆ, ನಾವು ಅದು ಬಂದಿಳಿಯುವ ಜಾಗ. ಹಸಿವು, ನಿದ್ದೆ, ಜ್ವರ ಬರುವಂತೆಯೇ ಅದೂ ಬರುತ್ತದೆ. ‘ನನಗೆ ಮುನಿಸು ಬಂತು’ ಎಂದು ಮಾತಿನಲ್ಲಿ ಹೇಳುವುದು ಅಪರೂಪ. ‘ನಾನು ಮುನಿಸಿಕೊಂಡೆ’ ಎನ್ನುತ್ತೇವೆ. ಇಲ್ಲಿ ‘ನನಗೆ’ ಹೋಗಿ ‘ನಾನು’ ಬಂದಿದೆ. ಮುನಿಸು ನಾವು ಮಾಡುವ ಕೆಲಸ. ಅದರ ಹಿಂದಿರುವ ‘ಕೊಳ್ಳು’ ಕೂಡ ಗಮನಿಸಬೇಕಾದದ್ದು. ಉಟ್ಟುಕೊಳ್ಳು, ಹೊದ್ದುಕೊಳ್ಳು ಎಂಬಲ್ಲಿರುವಂತೆ, ಮಾಡಿದ್ದನ್ನು ತನ್ನ ಮೈಗೇ ಎಳೆದುಕೊಳ್ಳುವುದನ್ನು ಅದು ಸೂಚಿಸುತ್ತದೆ. ಒಬ್ಬರಿಗೆ ಕೋಪ ಬರಿಸಬಹುದು, ಸಿಟ್ಟಿಗೆಬ್ಬಿಸಬಹುದು. ಮುನಿಸು ಬರಿಸಲು ಆಗುವುದಿಲ್ಲ, ಅವರೇ ಮುನಿಸಿಕೊಳ್ಳಬೇಕು.

ಇನ್ನೊಂದು ಗುರುತು ಅದರ ವಿರುದ್ಧ ಪದ. ಕೋಪದ ಎದುರು ನಿಲ್ಲುವುದು ಶಾಂತಿ. ಮುನಿಯುವುದರ ಎದುರು ನಿಲ್ಲುವುದು ಒಲಿಯುವುದು. ‘ಹೆಣ್ಣು ಒಲಿದರೆ ನಾರಿ, ಮುನಿದರೆ ಮಾರಿ’ ಎಂಬ ಗಾದೆಯ ತೀರ್ಪನ್ನು ನಾವು ಇಂದು ಒಪ್ಪಬೇಕಿಲ್ಲ, ಆದರೆ ಅದು ಯಾವ ಎರಡು ಮಾತುಗಳನ್ನು ಎದುರುಬದುರು ಕೂರಿಸಿದೆ ಎಂಬುದನ್ನು ನೋಡಬಹುದು. ಒಲವಿದ್ದ ಜಾಗದಲ್ಲೇ ಮುನಿಸು ಹುಟ್ಟುತ್ತದೆ, ತೀರಿದಾಗ ಒಲವಿಗೇ ಮರಳುತ್ತದೆ.

ಮೂತಿಯಿಂದ ಮಾತು ಬಿಡುವವರೆಗೆ

ಈ ನಾಲ್ಕು ತಾಲ್ಲೂಕುಗಳ ಆಡುಮಾತಿನಲ್ಲಿ ಮುನಿಸಿನ ಸುತ್ತ ಒಂದು ದೊಡ್ಡ ಕುಟುಂಬವೇ ಇದೆ. ಹೆಚ್ಚಿನವು ಮುಖವನ್ನು ನೋಡಿ ಹುಟ್ಟಿದವು. ‘ಮಕ ಊದಿಸ್ಕೊಂಡವ್ಳೆ’, ‘ಮೂತಿ ದಪ್ಪ ಮಾಡ್ಕೊಂಡವ್ನೆ’, ‘ಮಕ ಗಂಟಾಕ್ಕೊಂಡು ಕುಂತವ್ರೆ’. ಒಳಗಿನದನ್ನು ಹೇಳುವ ಬದಲು ಹೊರಗೆ ಕಂಡದ್ದನ್ನು ಹೇಳುವ ರೀತಿ ಇದು. ನೋಡುವ ಕಣ್ಣಿಗಾಗಿಯೇ ಊದಿದ ಮುಖವಾದ್ದರಿಂದ ಇದು ಸರಿಯಾದ ವರ್ಣನೆಯೂ ಹೌದು.

ಆಮೇಲೆ ಸದ್ದಿನ ಮಾತುಗಳು. ‘ದುಸುಮುಸು’ ಎಂದರೆ ಇನ್ನೂ ಬಾಯಿಗೆ ಬಾರದ ಅಸಮಾಧಾನ, ಉಸಿರಿನಲ್ಲೇ ಕೇಳುವಂಥದ್ದು. ‘ಸಿಡಿಮಿಡಿ’ ಅದಕ್ಕಿಂತ ಬಿಸಿ. ಪಾತ್ರೆ ಕುಕ್ಕುವ, ಬಾಗಿಲು ಜೋರಾಗಿ ಹಾಕುವ ಹಂತ ಅದು. ‘ಸಿಡುಕು’ ಒಂದು ಹೊತ್ತಿನದಲ್ಲ, ಸ್ವಭಾವ. ಅಂಥವರಿಗೆ ‘ಸಿಡುಕಮೂತಿ’ ಎಂಬ ಹೆಸರು ಅಂಟುತ್ತದೆ. ‘ಸೆಡವು’ ಹೆಚ್ಚಾಗಿ ಸಿಟ್ಟಿನ ಜೊತೆಗೂಡಿ ‘ಸಿಟ್ಟು ಸೆಡವು’ ಎಂದೇ ಬರುತ್ತದೆ, ಅದರಲ್ಲಿ ಬಿಗುಮಾನದ ಪಾಲೂ ಇದೆ. ಮಕ್ಕಳದು ‘ರಚ್ಚೆ’. ನಿದ್ದೆಗೆಟ್ಟೋ ಹಸಿದೋ ಏನು ಕೊಟ್ಟರೂ ಬೇಡವೆನ್ನುವ ಅಳು. ರಚ್ಚೆಗೆ ಕಾರಣ ಮೈಯಲ್ಲಿರುತ್ತದೆ, ಮುನಿಸಿಗೆ ಕಾರಣ ಸಂಬಂಧದಲ್ಲಿ. ಅದಕ್ಕೇ ಎಳೆ ಕೂಸು ರಚ್ಚೆ ಹಿಡಿಯುತ್ತದೆಯೇ ಹೊರತು ಮುನಿಸಿಕೊಳ್ಳುವುದಿಲ್ಲ. ತನ್ನನ್ನು ಬಿಟ್ಟು ಬೇರೆಯವರನ್ನು ಎತ್ತಿಕೊಂಡರು ಎಂದು ತಿಳಿಯುವ ವಯಸ್ಸಿಗೆ ಮುನಿಸು ಶುರುವಾಗುತ್ತದೆ. ಶಾಲೆಗೆ ಹೋಗುವ ಹೊತ್ತಿಗೆ ಅದಕ್ಕೆ ‘ಠೂ ಬಿಡುವ’ ಕ್ರಮವೂ ಬರುತ್ತದೆ.

ಎಲ್ಲಕ್ಕಿಂತ ಗಟ್ಟಿ ಗುರುತು ಊಟ. ‘ಮುನಿಸ್ಕೊಂಡು ಉಣ್ಣದೆ ಮಲ್ಗವ್ನೆ’ ಎಂಬ ವಾಕ್ಯ ಕೇಳದ ಮನೆ ಈ ಸೀಮೆಯಲ್ಲಿ ಸಿಗಲಾರದು. ಮುದ್ದೆ ಕಟ್ಟಿಟ್ಟು, ಸಾರು ಆರುತ್ತಿರುವಾಗ ಒಬ್ಬರು ಗೋಡೆ ಕಡೆ ತಿರುಗಿ ಮಲಗಿದ್ದಾರೆ ಎಂದರೆ ಮನೆಯ ಮಿಕ್ಕವರ ಗಂಟಲಲ್ಲೂ ತುತ್ತು ಇಳಿಯುವುದಿಲ್ಲ.

‘ಏಳಪ್ಪಾ, ಎದ್ದು ಒಂದ್ ತುತ್ತು ಉಣ್ಣು. ಅನ್ನದ್ ಮ್ಯಾಲೆ ಯಾಕಪ್ಪಾ ಮುನಿಸು?’

‘ನಂಗ್ ಬ್ಯಾಡ ಬುಡವ್ವ.’

‘ನೀ ಉಣ್ದಿದ್ರೆ ನಾನೂ ಉಣ್ಣಕಿಲ್ಲ.’

ಈ ಮೂರು ಮಾತಿನಲ್ಲಿ ಮುನಿಸಿನ ಇಡೀ ನಡೆ ಇದೆ. ಒಬ್ಬರು ಹಿಂದೆ ಸರಿಯುತ್ತಾರೆ, ಇನ್ನೊಬ್ಬರು ಹತ್ತಿರ ಹೋಗುತ್ತಾರೆ, ತಾವೂ ಉಪವಾಸ ಬೀಳುವುದಾಗಿ ಹೇಳಿ ಪಾಲು ಕೇಳುತ್ತಾರೆ. ಹತ್ತಿರ ಹೋಗುವುದಕ್ಕೂ ಮಾತುಗಳಿವೆ: ರಮಿಸು, ಸಮಾಧಾನ ಮಾಡು, ಒಲಿಸಿಕೊ. ಇವಿಲ್ಲದೆ ಮುನಿಸು ಪೂರ್ತಿಯಾಗುವುದಿಲ್ಲ. ಉತ್ತರದ ಹಿಂದಿಯಲ್ಲೂ ‘ರೂಠನಾ’ ಎಂಬುದರ ಬೆನ್ನಿಗೆ ‘ಮನಾನಾ’ ಎಂಬ ಜೊತೆಗಾರ ಪದವಿದೆ. ಬಂಗಾಳಿಗಳು ಪ್ರೀತಿಪಾತ್ರರಿಂದಾದ ನೋವಿನ ಕೋಪಕ್ಕೆ ‘ಅಭಿಮಾನ’ ಎನ್ನುತ್ತಾರೆ. ನಮ್ಮಲ್ಲಿ ಅದೇ ಪದ ಹೆಮ್ಮೆಯ ಕಡೆಗೆ ಹೋಗಿದೆ.

ರಮಿಸಲು ಯಾರೂ ಬಾರದಿದ್ದರೆ ಮುನಿಸು ಹಳಸುತ್ತದೆ. ಆಗ ಬರುವ ಮಾತು ‘ಮಾತು ಬಿಟ್ಟವ್ರೆ’. ಅಣ್ಣತಮ್ಮಂದಿರು ಒಂದೇ ಬೇಲಿಯ ಆಚೆ ಈಚೆ ಇದ್ದು ವರ್ಷಗಟ್ಟಲೆ ಮಾತು ಬಿಟ್ಟಿರುತ್ತಾರೆ. ಅಲ್ಲಿಂದ ಮುಂದಿನದು ಹಗೆ, ಜಿದ್ದು. ಹಗೆಗೆ ಹೋದ ಮೇಲೆ ಯಾರೂ ಅದನ್ನು ಮುನಿಸು ಎನ್ನುವುದಿಲ್ಲ. ಏಕೆಂದರೆ ಅಲ್ಲಿ ಕಾಯುವವರಿಲ್ಲ.

ಬರಹದಲ್ಲಿ ಮುನಿಸು

ಪ್ರೇಮದಲ್ಲಿ ಮುನಿಸಿಗಿರುವ ಜಾಗವನ್ನು ದ್ರಾವಿಡ ಕಾವ್ಯ ಬಹಳ ಹಿಂದೆಯೇ ಗುರುತಿಸಿತು. ತಮಿಳಿನ ಸಂಗಂ ಕಾವ್ಯದಲ್ಲಿ ‘ಊಡಲ್’ ಎಂಬ ಪ್ರಣಯದ ಮುನಿಸಿಗೆ ಮರುದಂ ಎಂಬ ಗದ್ದೆಬಯಲಿನ ಭೂಮಿಯನ್ನೇ ಬಿಟ್ಟುಕೊಟ್ಟಿದ್ದಾರೆ. 133 ಅಧಿಕಾರಗಳ ತಿರುಕ್ಕುರಳ್ ಮುಗಿಯುವುದು ಅದರ ಮೇಲೆಯೇ, ಕೊನೆಯ ಮೂರು ಅಧಿಕಾರಗಳು ಮುನಿಸಿನವು. ವಳ್ಳುವರ್ ಅದಕ್ಕೆ ಉಪ್ಪಿನ ಹೋಲಿಕೆ ಕೊಡುತ್ತಾನೆ: ಹದವಾಗಿದ್ದರೆ ರುಚಿ, ಮೀರಿದರೆ ಕೇಡು. ಸಂಸ್ಕೃತದ ಲಕ್ಷಣಕಾರರು ಇದನ್ನೇ ‘ಮಾನ’ ಎಂದು ಕರೆದು ವಿಪ್ರಲಂಭ ಶೃಂಗಾರದ ಒಂದು ಬಗೆಯಾಗಿಸಿದರು.

ಕನ್ನಡದಲ್ಲಿ ಪ್ರಣಯದ ಮುನಿಸನ್ನು ಅರಮನೆಯಿಂದ ನಡುಮನೆಗೆ ತಂದವರಲ್ಲಿ ಕೆ.ಎಸ್. ನರಸಿಂಹಸ್ವಾಮಿ ಮುಖ್ಯರು. ಅವರು ಹುಟ್ಟಿದ ಕಿಕ್ಕೇರಿ ಚನ್ನರಾಯಪಟ್ಟಣದಿಂದ ಕೆ.ಆರ್. ಪೇಟೆಗೆ ಹೋಗುವ ದಾರಿಯಲ್ಲಿದೆ. 1942ರ ‘ಮೈಸೂರು ಮಲ್ಲಿಗೆ’ಯಲ್ಲಿ ಗಂಡಹೆಂಡಿರ ಹುಸಿಮುನಿಸು, ತವರಿನ ಸೆಳೆತ, ಒಲಿಸುವ ಮಾತು ಎಲ್ಲವೂ ಈ ಭಾಗದ ಮನೆಗಳ ಪರಿಚಿತ ಬದುಕೇ.

ಮುನಿಸಿನ ಇನ್ನೊಂದು ಮುಖವನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್.ಎಲ್. ಭೈರಪ್ಪನವರು ‘ಗೃಹಭಂಗ’ದಲ್ಲಿ ತೋರಿಸಿದರು. 1970ರ ಈ ಕಾದಂಬರಿಯ ಮನೆಯಲ್ಲಿ ಬೈಗುಳಕ್ಕೆ ಕೊನೆಯಿಲ್ಲ. ಅತ್ತೆ ಗಂಗಮ್ಮನ ಬಾಯಿ, ಗಂಡ ಚೆನ್ನಿಗರಾಯನ ಹೊಣೆಗೇಡಿತನ, ಎರಡರ ನಡುವೆ ನಂಜಮ್ಮ ಸಂಸಾರ ಎಳೆಯುತ್ತಾಳೆ. ಅವಳ ನೋವು ಅಷ್ಟಿದ್ದರೂ ಮುನಿಸಿಕೊಂಡು ಕೂರುವ ಸವಲತ್ತು ಅವಳಿಗಿಲ್ಲ. ಅವಳು ಉಣ್ಣದೆ ಮಲಗಿದರೆ ಎಬ್ಬಿಸಲು ಬರುವವರು ಯಾರು? ರಮಿಸುವವರಿಲ್ಲದ ಮನೆಯಲ್ಲಿ ಮುನಿಸಿಗೆ ಅರ್ಥವೇ ಇರುವುದಿಲ್ಲ ಎಂಬುದನ್ನು ಇಷ್ಟು ಕಟುವಾಗಿ ತೋರಿಸಿದ ಕನ್ನಡ ಕೃತಿಗಳು ಕಡಿಮೆ.

ಕರೆಯುವುದು, ಕೊಡುವುದು

ಮನೆಯ ಹೊರಗೆ ಮುನಿಸು ಹೆಚ್ಚು ಕಾಣಿಸಿಕೊಳ್ಳುವುದು ಮದುವೆಯಲ್ಲಿ. ಬೀಗರ ಮುನಿಸು, ಸೋದರಮಾವನ ಮುನಿಸು, ದಾಯಾದಿಯ ಮುನಿಸು ಮೂರಕ್ಕೂ ಕಾರಣ ಸಾಮಾನ್ಯವಾಗಿ ಒಂದೇ, ಕರೆದ ರೀತಿ. ಮನೆಗೆ ಬಂದು, ಅರಿಶಿನ ಕುಂಕುಮ ಕೊಟ್ಟು, ಎಲೆಅಡಿಕೆ ಇಟ್ಟು ಕರೆದರೆ ಅದು ಕರೆಯೋಲೆ. ದಾರಿಯಲ್ಲಿ ಸಿಕ್ಕಾಗ ಹೇಳಿದ್ದು ಲೆಕ್ಕಕ್ಕಿಲ್ಲ. ವಾಟ್ಸಾಪಿನಲ್ಲಿ ಕಾರ್ಡಿನ ಚಿತ್ರ ಕಳಿಸಿ ಕೈತೊಳೆದುಕೊಂಡರೆ ಹಿರಿಯರು ಇಂದಿಗೂ ಮುನಿಸಿಕೊಳ್ಳುತ್ತಾರೆ. ಬೀಗರೂಟದ ಬಾಡಿಗಾಗಿ ಅವರು ಕಾದಿರುವುದಿಲ್ಲ. ‘ನಾವೂ ನಿಮ್ಮವರೇ’ ಎಂದು ಯಾರಾದರೂ ಬಂದು ಹೇಳಲಿ ಎಂದು ಕಾದಿರುತ್ತಾರೆ. ಬ್ರಾಹ್ಮಣರ ಮದುವೆಯ ಕಾಶೀಯಾತ್ರೆಯಲ್ಲಂತೂ ಈ ಹಿಂದೆ ಸರಿಯುವುದು, ಬೇಡಿ ಕರೆತರುವುದು ಶಾಸ್ತ್ರವೇ ಆಗಿದೆ. ವರ ಛತ್ರಿ ಹಿಡಿದು ಕಾಶಿಗೆ ಹೊರಡುತ್ತಾನೆ, ಹೆಣ್ಣಿನ ಕಡೆಯವರು ಒಪ್ಪಿಸಿ ವಾಪಸು ಕರೆತರುತ್ತಾರೆ.

ಗೌರಿ ಹಬ್ಬದ ಬಾಗಿನದ ಕತೆಯೂ ಹೀಗೆಯೇ. ಹಳೆ ಮೈಸೂರು ಸೀಮೆಯಲ್ಲಿ ಕೊಟ್ಟ ಹೆಣ್ಣುಮಗಳಿಗೆ ತವರಿನಿಂದ ಬಾಗಿನ ಹೋಗಬೇಕು. ಮೊರದಲ್ಲಿರುವ ಸಾಮಾನು ಅಂಗಡಿಯಲ್ಲಿ ಸಿಗುವಂಥದ್ದೇ. ಆದರೆ ಒಂದು ವರ್ಷ ಅದು ಬಾರದಿದ್ದರೆ ತಂಗಿಯ ಮುನಿಸು ಮುಂದಿನ ಗೌರಿಯವರೆಗೂ ಇರುತ್ತದೆ. ತವರು ತನ್ನನ್ನು ಮರೆಯಿತೇ ಎಂಬುದೇ ಅವಳ ಪ್ರಶ್ನೆ. ಹಾಗಾಗಿ ಮುನಿಸು ಒಂದು ಬಗೆಯ ಹಕ್ಕು ಸಾಧನೆ. ನಾನು ಇನ್ನೂ ಈ ಮನೆಯವಳು ಎಂದು ಹೇಳುವ ಬಗೆ.

ದೇವರು, ಮಳೆ, ರಾಜಕಾರಣ

ಸಂಬಂಧ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಮುನಿಸು ಹಬ್ಬಿದೆ. ಊರ ಮಾರಮ್ಮ ಮುನಿದರೆ ತಂಬಿಟ್ಟಿನ ಆರತಿ ಮಾಡಿ, ಮಡಿಲು ತುಂಬಿ ತಣಿಸಬೇಕು. ‘ಹರ ಮುನಿದರೆ ಗುರು ಕಾಯುವನು’ ಎಂಬ ಮಾತಿನಲ್ಲಿ ದೇವರೂ ಮನೆಯ ಹಿರಿಯನಂತೆಯೇ. ಮಳೆ ತಡವಾದರೆ ಹುಡುಗರು ಮಣ್ಣಿನ ಮಳೆರಾಯನನ್ನು ಮಣೆಯ ಮೇಲೆ ಹೊತ್ತು ಮನೆಮನೆಗೆ ಹೋಗುವ, ಹೆಂಗಸರು ನೀರು ಸುರಿಯುವ ಆಚರಣೆ ಈ ಭಾಗದ ಹಳ್ಳಿಗಳದು. ಪತ್ರಿಕೆಗಳು ಇಂದಿಗೂ ‘ಮುಂಗಾರು ಮುನಿಸು’ ಎಂದು ಶೀರ್ಷಿಕೆ ಕೊಡುತ್ತವೆ. ಹೇಮಾವತಿಯ ನಾಲೆ ನೀರು ಕಾಯುವ ಹೊಳೆನರಸೀಪುರದ ಗದ್ದೆಯವನಿಗೂ, ಮಳೆ ನೆಚ್ಚಿ ಆಲೂಗಡ್ಡೆ ಹಾಕುವ ಹಾಸನದ ರೈತನಿಗೂ ಆ ಶೀರ್ಷಿಕೆ ತಕ್ಷಣ ಅರ್ಥವಾಗುತ್ತದೆ.

ಹಾಸನದ ಊರದೇವತೆ ಹಾಸನಾಂಬೆಯ ಹೆಸರನ್ನು ಜನ ನಗುಮುಖದ ಅಮ್ಮ ಎಂದು ಬಿಡಿಸುತ್ತಾರೆ. ಆಶ್ವಯುಜ ಮಾಸದಲ್ಲಿ, ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಆ ಗುಡಿಯಲ್ಲೇ ‘ಸೊಸೆ ಕಲ್ಲು’ ಕೂಡ ಇದೆ. ಅತ್ತೆಯ ಕಾಟ ತಾಳದ ಸೊಸೆಯೊಬ್ಬಳನ್ನು ದೇವಿ ಕಲ್ಲಾಗಿಸಿ ಹತ್ತಿರ ಇಟ್ಟುಕೊಂಡಳು, ಆ ಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ಅಮ್ಮನ ಕಡೆಗೆ ಸರಿಯುತ್ತದೆ ಎಂಬುದು ಐತಿಹ್ಯ. ಗಂಡನ ಮನೆಯಲ್ಲಿ ಮುನಿಸಿಕೊಳ್ಳಲೂ ಆಗದ ಹೆಣ್ಣಿಗೆ ಜನರ ಕಲ್ಪನೆ ಕೊಟ್ಟ ತವರು ಅದು.

ರಾಜಕೀಯ ವರದಿಗಳಲ್ಲಿ ಈ ಪದ ಸವೆದುಹೋಗುವಷ್ಟು ಬಳಕೆಯಾಗಿದೆ. ಟಿಕೆಟ್ ಸಿಗದವರ ಮುನಿಸು, ಮಂತ್ರಿಗಿರಿ ತಪ್ಪಿದವರ ಮುನಿಸು, ಮುನಿಸು ಮರೆತು ಒಂದಾದ ನಾಯಕರು ಎಂದು ದಿನವೂ ಓದುತ್ತೇವೆ. ನೀತಿಯ ಭಿನ್ನಾಭಿಪ್ರಾಯವನ್ನೂ ಕುಟುಂಬದ ಮುನಿಸನ್ನೂ ಒಂದೇ ಪದದಲ್ಲಿ ಹೇಳಿದಾಗ ಪಕ್ಷವೂ ಮನೆಯಂತೆ, ನಾಯಕರೂ ಮನೆಯ ಹಿರಿಯರಂತೆ ಕಾಣತೊಡಗುತ್ತಾರೆ. ಮತದಾರನಿಗೆ ಉತ್ತರ ಹೇಳಬೇಕಾದ ವಿಷಯ ಒಂದು ಕಪ್ ಕಾಫಿಯಲ್ಲಿ ಬಗೆಹರಿದಂತೆ ಆಗುತ್ತದೆ. ಇಲ್ಲಿ ಈ ಪದವನ್ನು ಕೈಬಿಡುವುದೇ ಒಳ್ಳೆಯದು.

ಮುನಿಸು ಅಲ್ಲದ್ದು

ಇನ್ನೂ ಗಂಭೀರವಾದ ದುರ್ಬಳಕೆಗಳು ಮೂರು.

ಮೊದಲನೆಯದು ಹಕ್ಕಿನದು. ಅಕ್ಕತಂಗಿಯರು ತಂದೆಯ ಆಸ್ತಿಯಲ್ಲಿ ಪಾಲು ಕೇಳಿದರೆ ‘ಯಾಕೋ ಮುನಿಸ್ಕೊಂಡವ್ಳೆ, ಸರಿಹೋಗ್ತಾಳೆ’ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುವುದು ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಕಾನೂನು ಕೊಟ್ಟ ಪಾಲನ್ನು ಕೇಳುವುದು ಮುನಿಸಲ್ಲ. ಸೀರೆ ಕುಪ್ಪಸದಲ್ಲಿ ರಮಿಸಿ ಮುಗಿಸುವ ವಿಷಯವೂ ಅಲ್ಲ.

ಎರಡನೆಯದು ಬಲದ್ದು. ‘ಬಡವನ ಕೋಪ ದವಡೆಗೆ ಮೂಲ’ ಎಂಬ ಗಾದೆ ಯಾರ ಕೋಪಕ್ಕೆ ಬೆಲೆ ಇದೆ ಎಂದು ನೇರವಾಗಿ ಹೇಳುತ್ತದೆ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬುದು ಕೋಪ ತೋರಿಸಲಾಗದವಳ ಪಾಡು. ಇತ್ತ ಮನೆಯ ಯಜಮಾನ ವಾರಗಟ್ಟಲೆ ಹೆಂಡತಿಯೊಡನೆ ಮಾತಾಡದೆ, ಮನೆಯೆಲ್ಲ ಉಸಿರು ಬಿಗಿಹಿಡಿದು ಓಡಾಡುವಂತೆ ಮಾಡಿದರೆ ‘ಅವರ್ದು ಸ್ವಲ್ಪ ಮುನಿಸು ಜಾಸ್ತಿ’ ಎಂದು ಬಿಟ್ಟುಬಿಡುತ್ತೇವೆ. ಸೋಲಲು ಸಿದ್ಧವಿರುವುದು ಮುನಿಸಿನ ಗುಣ. ಸೋಲಿಸಲೆಂದೇ ಹೂಡಿದ ಮೌನ ಹಿಂಸೆ.

ಮೂರನೆಯದು ಆರೋಗ್ಯದ್ದು. ಕಾಲೇಜಿಗೆ ಹೋಗುವ ಹುಡುಗಿ ಊಟ ಬಿಟ್ಟಿದ್ದಾಳೆ, ಯಾರೊಡನೆಯೂ ಮಾತಿಲ್ಲ, ನಿದ್ದೆ ಇಲ್ಲ, ಇಷ್ಟವಾಗಿದ್ದುದೂ ಈಗ ಬೇಡ. ಮನೆಯವರು ಮುನಿಸು ಎಂದು ತಿಳಿದು ಕಾಯುತ್ತಾರೆ. ಮುನಿಸಾಗಿದ್ದರೆ ‘ಯಾರ ಮೇಲೆ?’ ಎಂಬುದಕ್ಕೆ ಉತ್ತರವಿರುತ್ತದೆ, ರಮಿಸಿದಾಗ ಸ್ವಲ್ಪವಾದರೂ ಕರಗುತ್ತದೆ. ಈ ಲಕ್ಷಣಗಳು ಎರಡು ವಾರ ಬಿಡದೆ ಇದ್ದರೆ ಅದು ಖಿನ್ನತೆ ಇರಬಹುದು, ವೈದ್ಯರಿಗೆ ತೋರಿಸಬೇಕು. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಾಸನದಲ್ಲೇ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ‘ಸಾಯಬೇಕು ಅನ್ಸುತ್ತೆ’ ಎಂಬ ಮಾತು ಬಂದರಂತೂ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ.

ಮೂಡ್ ಔಟ್ ಕಾಲದಲ್ಲಿ

ಈಗಿನ ಹುಡುಗ ಹುಡುಗಿಯರ ಬಾಯಲ್ಲಿ ಮುನಿಸಿಗಿಂತ ‘ಮೂಡ್ ಔಟ್’, ‘ಅಪ್ಸೆಟ್’ ಹೆಚ್ಚು. ಅದಕ್ಕೂ ಮೊದಲು ಫಾರ್ಸಿಯಿಂದ ಬಂದ ‘ಬೇಜಾರು’ ಇಲ್ಲಿ ನೆಲೆಯೂರಿದೆ. ಹೊರಗಿನಿಂದ ಬಂದವು ಎಂಬುದು ತಕರಾರಲ್ಲ. ಬೇಜಾರು ನಮ್ಮದೇ ಆಗಿ, ‘ಬೇಜಾರ್ ಮಾಡ್ಕೋಬ್ಯಾಡಿ’ ಎಂಬ ಮೃದುವಾದ ಕ್ಷಮೆಯನ್ನು ಕೊಟ್ಟಿದೆ. ಮೂಡ್ ಔಟ್ ಕೂಡ ಒಂದು ನಿಜ ಹೇಳುತ್ತದೆ. ಮನಸ್ಸು ಕೆಲವೊಮ್ಮೆ ಯಾರ ತಪ್ಪೂ ಇಲ್ಲದೆ ಮಂಕಾಗುತ್ತದೆ, ಅದನ್ನು ಹೇಳಲು ಹಳೆಯ ಮಾತಿನಲ್ಲಿ ಅನುಕೂಲವಿರಲಿಲ್ಲ.

ಆದರೆ ಎರಡೂ ಒಂದೇ ಅಲ್ಲ. ‘ಮೂಡ್ ಔಟ್ ಆಗಿದೆ’ ಎಂದರೆ ಕೇಳಿದವರು ‘ಸರಿ, ಒಬ್ಬಳೇ ಇರಲಿ’ ಎಂದು ಬಾಗಿಲು ಮುಂದೆ ಮಾಡಿ ಹೋಗಬಹುದು. ‘ಮುನಿಸಿಕೊಂಡಿದ್ದೇನೆ’ ಎಂದರೆ ಹಾಗೆ ಹೋಗುವಂತಿಲ್ಲ, ಅಲ್ಲಿ ಕೇಳಿದವರಿಗೂ ಒಂದು ಕೆಲಸ ಬೀಳುತ್ತದೆ. ನಿಮ್ಮಿಂದ ಏನೋ ಆಗಿದೆ, ಬಂದು ಕೇಳಿ ಎಂಬ ಕರೆ ಅದರಲ್ಲಿದೆ. ಹಾಸನದ ಮಕ್ಕಳು ಓದಿ ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಮನೆಯಲ್ಲಿ ಅಪ್ಪ ಅವ್ವ ಇಬ್ಬರೇ ಉಳಿದಿರುವ ಕಾಲದಲ್ಲಿ ಈ ಕೆಲಸ ಕಷ್ಟವಾಗಿದೆ. ಫೋನಿನಲ್ಲಿ ಊದಿದ ಮುಖ ಕಾಣುವುದಿಲ್ಲ, ಉಣ್ಣದೆ ಮಲಗಿದ್ದು ತಿಳಿಯುವುದಿಲ್ಲ. ‘ಚೆನ್ನಾಗಿದ್ದೀವಿ ಕಣಪ್ಪ’ ಎಂಬ ಮಾತಿನ ಹಿಂದಿನ ಮುನಿಸನ್ನು ದನಿಯಲ್ಲೇ ಹಿಡಿಯಬೇಕು.

ಮಾತುಗಳು ಬದಲಾಗುತ್ತವೆ, ಬದಲಾಗಲಿ. ಉಳಿಸಿಕೊಳ್ಳಬೇಕಾದದ್ದು ವಿವೇಚನೆ. ಹಕ್ಕು ಕೇಳಿದವರಿಗೆ ಹಕ್ಕು ಕೊಡಬೇಕು, ಮೌನದಿಂದ ಹಿಂಸಿಸುವವರನ್ನು ತಡೆಯಬೇಕು, ಕಾಯಿಲೆಯವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇವನ್ನೆಲ್ಲ ಬೇರೆ ಮಾಡಿದ ಮೇಲೂ ನಮ್ಮವರ ಮೇಲೆ ನಮ್ಮವರಿಗೆ ಮುನಿಸು ಉಳಿದೇ ಇರುತ್ತದೆ. ಅದನ್ನು ಮೊದಲು ಮಾತಾಡಿಸಿದವರು ಸಣ್ಣವರಾಗುವುದಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಗಡುವು ಹಾಕಿದ್ದು ಇದಕ್ಕೇ. ಆ ಗಡುವು ಗಂಡಹೆಂಡಿರಿಗಷ್ಟೇ ಸಾಲದು. ಅಣ್ಣತಮ್ಮಂದಿರಿಗೆ, ಅಪ್ಪ ಮಕ್ಕಳಿಗೆ, ಬೇಲಿಯ ಎರಡು ಬದಿಯವರಿಗೆಲ್ಲ ಅದು ಬೇಕು.